ಡೈಮಂಡು, ಬಾಣ

"ಸ್ವಲ್ಪ ತಡಿಯಪ್ಪ, ಕನ್ನಡಕ ಒರೆಸ್ಕೊಳ್ತೇನೆ," ಅಂದ ಅಹಮದ್.

ನೀಲಿ ಟಾರ್ಪಾಲಿನ ತುದಿ ಹಿಡಿದು ಬಗ್ಗಿದ್ದ ಪೇದೆ ಪ್ರಶಾಂತ್ ಹಾಗೇ ನಿಂತುಕೊಂಡ. ಟಾರ್ಪಾಲು ಒಂದು ಚಾಪೆಯಷ್ಟಗಲ ಇತ್ತು. ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಕಲ್ಲು ಇಟ್ಟಿದ್ದರು. ಅದರ ಅಡಿಯಲ್ಲಿ, ರಸ್ತೆಯಂಚಿನ ಕೆಂಪು ಕೆಸರಿನಲ್ಲಿ, ಜೀಪಿನ ಟೈರೊಂದು ಅಚ್ಚೊತ್ತಿ ಹೋಗಿತ್ತು. ಮಳೆಗೆ ಅಳಿಸಿಹೋಗಬಾರದೆಂದು ಬೆಳಗ್ಗೆ ಮೊದಲು ಬಂದ ಪ್ರಶಾಂತನೇ ಅದನ್ನು ಮುಚ್ಚಿಟ್ಟಿದ್ದ. ಜೀಪು ಎಲ್ಲಿಗೆ ಹೋಯಿತೆಂದು ಯಾರೂ ಕೇಳಬೇಕಾಗಿರಲಿಲ್ಲ. ಅಲ್ಲಿಂದ ನಾಲ್ಕು ಮಾರು ಮುಂದೆ ರಸ್ತೆಗೆ ಅಂಚೇ ಇರಲಿಲ್ಲ. ಮಣ್ಣು, ಕಲ್ಲಿನ ಕಟ್ಟೆ, ಹುಲ್ಲು ಎಲ್ಲ ಕಿತ್ತುಕೊಂಡು ಕಣಿವೆಗೆ ಇಳಿದಿತ್ತು. ಕೆಳಗೆ ಮಂಜು ತುಂಬಿತ್ತು. ಹಳ್ಳದ ಸದ್ದು ಮಾತ್ರ ಕೇಳುತ್ತಿತ್ತು.

ಅಹಮದ್ ಒದ್ದೆ ಅಂಗಿಯ ಅಂಚಿನಿಂದ ಕನ್ನಡಕ ಒರೆಸಿದ. ಗಾಜು ಇನ್ನಷ್ಟು ಮಸುಕಾಯಿತು. ಮತ್ತೆ ಒರೆಸಿದ. ಹೀಗೇ ಮಧ್ಯಾಹ್ನದವರೆಗೂ ಒರೆಸುತ್ತಿರು ಎಂದಿದ್ದರೆ ಸಂತೋಷವಾಗಿ ಒರೆಸುತ್ತಿದ್ದ. ಟಾರ್ಪಾಲು ಎತ್ತಿದರೆ ಸತ್ತವನು ಯಾರೆಂದು ಗೊತ್ತಾಗಿಬಿಡುತ್ತದೆ. ತನ್ನ ಅಳಿಯ, ಮಗಳು ಶಿಫಾಳ ಗಂಡ ಫಾರಿಸ್ ಇರಬೇಕು. ಇಲ್ಲದಿದ್ದರೆ, ಪಕ್ಕದಲ್ಲಿ ತಲೆಗೆ ಟವೆಲ್ ಸುತ್ತಿ ನಿಂತಿರುವ ಕೃಷ್ಣಪ್ಪನ ಮಗ ಧರ್ಮೇಶ್ ಇರಬೇಕು. ಮೂರನೆಯವರಿಲ್ಲ.

ಹಿಂದಿನ ಸಂಜೆ ಕುದುರೆಮುಖದ ದಾರಿ ಹಿಡಿದು ಮೇಲೆ ಹೋದದ್ದು ಎರಡೇ ಜೀಪು, ಒಂದು ಫಾರಿಸನದು, ಒಂದು ಧರ್ಮೇಶನದು. ಎರಡೂ ಬೆಟ್ಟ ಹತ್ತುವ ಪ್ರವಾಸಿಗಳನ್ನು ಹೋಂಸ್ಟೇಗೆ ಬಿಟ್ಟು ಖಾಲಿ ವಾಪಸ್ಸು ಬರಬೇಕಿತ್ತು. ಕಾಫಿ ಹಣ್ಣು ಕೊಯ್ಯುವ ಕಾಲದಲ್ಲಿ ಬರಬಾರದ ಮಳೆ ಬಂದು ಕೂತಿತ್ತು. ರಾತ್ರಿ ಮೇಲ್ಗಡೆ ಗುಡ್ಡ ಜಾರಿ ರಸ್ತೆ ಮುಚ್ಚಿತು, ಫೋನಿನ ಟವರೂ ಹೋಯಿತು. ಒಂದು ಜೀಪು ಆ ಜರಿದ ಮಣ್ಣಿನಾಚೆ ಸಿಕ್ಕಿಕೊಂಡಿದೆ. ಇನ್ನೊಂದು ಮಣ್ಣು ಜಾರುವ ಮೊದಲೇ ಇಳಿದು, ಈ ತಿರುವಿನವರೆಗೆ ಬಂದು, ಇಲ್ಲಿಂದ ಕೆಳಗೆ ಹೋಗಿದೆ. ಮೇಲೆ ಜೆಸಿಬಿ ಮಣ್ಣು ಬಾಚುತ್ತಿರುವ ಸದ್ದು ಗುಡ್ಡ ಬಳಸಿಕೊಂಡು ಬರುತ್ತಿತ್ತು. ಹಗ್ಗ ತರುವ ಅಗ್ನಿಶಾಮಕದವರು ಇನ್ನೂ ಚಿಕ್ಕಮಗಳೂರು ಬಿಟ್ಟಿದ್ದರಷ್ಟೆ.

"ಕಾಕ, ನೀವೇ ನೋಡಿ ಹೇಳ್ಬೇಕು," ಅಂದ ಪ್ರಶಾಂತ್. ಅವನದು ಮೆತ್ತಗಿನ ದನಿ. "ಎರಡು ಜೀಪಿಗೂ ಗ್ರಿಪ್ ಕೊರೆದವರು ನೀವೇ ಅಂತೆ. ಬೇರೆಬೇರೆ ಡಿಸೈನು ಅಂತೆ. ಸ್ಟ್ಯಾಂಡಲ್ಲಿ ಹೇಳಿದ್ರು."

ಹೇಳದೆ ಏನು. ಕಳಸದ ಜೀಪ್ ಸ್ಟ್ಯಾಂಡಿನಲ್ಲಿ ಒಂದು ತಿಂಗಳಿಂದ ಅದೇ ತಮಾಷೆ. ಅಹಮದನಿಗೆ ಬಸ್‌ಸ್ಟ್ಯಾಂಡ್ ಹಿಂದೆ ಟೈರಿನ ಅಂಗಡಿ. ಸವೆದು ನುಣ್ಣಗಾದ ಟೈರಿಗೆ ಹೊಸ ರಬ್ಬರು ಕೂರಿಸಿ, ಕಾದ ಕತ್ತಿಯಲ್ಲಿ ಕೈಯಾರೆ ಗೀರು ಕೊರೆದು ಕೊಡುವುದು ಅವನ ಕಸುಬು. ಕಂಪನಿಯ ಹೊಸ ಟೈರು ಹಾಕುವವರು ಹಾಕಲಿ, ಗುಡ್ಡದ ಜೀಪಿನವರು ಅಹಮದ್ ಕೊರೆದ ಗ್ರಿಪ್ಪೇ ಬೇಕೆಂದು ಬರುತ್ತಿದ್ದರು. ಪಕ್ಕದಲ್ಲೇ ಕೃಷ್ಣಪ್ಪನ ಚಾ ಹೋಟೆಲು. ಅದಿರಿನ ಕಂಪನಿ ಇದ್ದಾಗ ಡಂಪರ್ ಓಡಿಸುತ್ತಿದ್ದವನು, ಕಂಪನಿ ಮುಚ್ಚಿದ ಮೇಲೆ ಕೆಳಗಿಳಿದು ಬಂದು ಒಲೆ ಹೂಡಿದ್ದ. ಇಬ್ಬರೂ ದಿನ ಬೆಳಗಾದರೆ ಜಗಳವಾಡಿಕೊಂಡು ಒಂದೇ ಬೆಂಚಿನ ಮೇಲೆ ಕೂರುವವರು.

ಕೊರೆಯುವ ಡಿಸೈನು ಬದಲಾದದ್ದಕ್ಕೆ ಕಾರಣ ವಸ್ತಾರೆ ಕಡೆಯ ಎಸ್ಟೇಟಿನ ಸುರೇಂದ್ರ ಗೌಡರು. ಅವರ ಅಜ್ಜನ ಕಾಲದ ಕಾರೊಂದು ಗೋಡೌನಿನಲ್ಲಿ ಪಾರ್ಚ್‌ಮೆಂಟ್ ಕಾಫಿ ಬೀಜದ ಚೀಲಗಳ ಹಿಂದೆ ಧೂಳು ತಿನ್ನುತ್ತಿತ್ತು. ಮಗಳು ಸುಪ್ರಿಯಾಳ ಮದುವೆಗೆ ಅದನ್ನು ಹೊರಗೆ ತೆಗೆಯಬೇಕೆಂದು ಗೌಡರಿಗೆ ಆಸೆ ಹುಟ್ಟಿತು. ಅಟ್ಟದ ತೊಲೆಗೆ ನೇತುಹಾಕಿದ್ದ ಐದು ಟೈರು ಕೆಳಗಿಳಿಸಿ ನೋಡಿದರೆ ಐದೂ ಬೇರೆ ಬೇರೆ. ಮೋಟಾರು ಕಾರು ಹೊಸದಾಗಿ ಬಂದ ಕಾಲ. ಹಡಗಿನಲ್ಲಿ ಯಾವುದು ಬಂತೋ ಅದನ್ನು ಅಜ್ಜ ಕೊಂಡಿದ್ದರು. ರಬ್ಬರು ಹೆಂಚಿನ ಹಾಗೆ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. "ಇದೇ ಅಳತೆಯ ನಾಲ್ಕು ಟೈರು ಹುಡುಕಿ ತರಿಸ್ತೇನೆ ಅಹಮದ್. ಈ ಐದರಲ್ಲಿ ಒಂದು ಡಿಸೈನ್ ಆರಿಸಿ ನಾಲ್ಕಕ್ಕೂ ಕೊರ್ದು ಕೊಡಿ," ಅಂದರು ಗೌಡರು.

ಆರಿಸುವುದು ಹೇಗೆ? ಅಹಮದ್ ಕಣದ ಪಕ್ಕದ ಮಣ್ಣಿಗೆ ನೀರು ಹೊಯ್ದು ಕೆಸರು ಮಾಡಿಸಿದ. ಟೈರು ಹೊರಲು ಕರೆದುಕೊಂಡು ಹೋಗಿದ್ದ ಫಾರಿಸ್, ಧರ್ಮೇಶ್ ಇಬ್ಬರೂ ಒಂದೊಂದಾಗಿ ಐದನ್ನೂ ಕೆಸರಿನ ಮೇಲೆ ಉರುಳಿಸಿದರು. ಒಂದು ಬರೀ ಉದ್ದ ಗೆರೆ. ಒಂದರಲ್ಲಿ ಸಾಲು ಸಾಲು ದುಂಡು ಗುಂಡಿ. ಒಂದಕ್ಕೆ ಮಾಡಿದ ಕಂಪನಿಯ ಹೆಸರೇ ಉಬ್ಬಿದ ಅಕ್ಷರದಲ್ಲಿ, ಕೆಸರಿನಲ್ಲಿ ಉಲ್ಟಾ ಮೂಡಿ ಇಬ್ಬರೂ ನಕ್ಕರು. ಒಂದು ಡೈಮಂಡು ಕಟ್ಟಿನದು. ಐದನೆಯದು ಬಾಣ, ಒಂದರ ಬೆನ್ನಿಗೊಂದು ಮೊನೆ ಚಾಚಿದ ಬಾಣಗಳು. ಅಹಮದ್ ಮೊಣಕಾಲೂರಿ ಒಂದೊಂದು ಅಚ್ಚಿಗೂ ಬೆರಳು ಆಡಿಸಿದ. ಗುಂಡಿಯದು ಕೆಸರು ತುಂಬಿಕೊಳ್ಳುತ್ತದೆ. ಅಕ್ಷರದ್ದು ನೋಡಲು ಮಾತ್ರ. ಡೈಮಂಡು ಅಡ್ಡ ಜಾರದಂತೆ ಹಿಡಿಯುತ್ತದೆ. ಬಾಣ ಏರಿನಲ್ಲಿ ಎಳೆಯುತ್ತದೆ. ಆಗಿನವರಿಗೆ ತಲೆ ಇತ್ತು ಅಂದ. ಗೌಡರು ಫೋಟೋದಲ್ಲಿ ಚಂದ ಕಾಣುತ್ತದೆಂದು ಅಕ್ಷರದ್ದನ್ನೇ ಆರಿಸಿದರು, ಅದು ಬೇರೆ ಮಾತು.

ಹುಡುಗರು ಬಿಡಬೇಕಲ್ಲ. ನನಗೆ ಡೈಮಂಡು ಕೊರೆಯಿರಿ ಎಂದು ಫಾರಿಸ್, ನನಗೆ ಬಾಣ ಎಂದು ಧರ್ಮೇಶ್. ಯಾವುದು ಹೆಚ್ಚು ಎಂದು ಇಬ್ಬರಿಗೂ ಪಂದ್ಯ. ಅಹಮದ್ ಕೂತು ಕೊರೆದ. ಸುತ್ತಲಿನ ಊರುಗಳಲ್ಲೆಲ್ಲ ಡೈಮಂಡಿನ ಜೀಪು ಒಂದೇ, ಬಾಣದ ಜೀಪು ಒಂದೇ. ಅದಕ್ಕೇ ಈಗ ಅವನು ಕನ್ನಡಕ ಒರೆಸುತ್ತಾ ನಿಂತಿರುವುದು.

"ನೋಡು ಮಾರಾಯ," ಅಂದ ಕೃಷ್ಣಪ್ಪ. "ಎಷ್ಟೊತ್ತು ಅಂತ."

ಪ್ರಶಾಂತ್ ಕಲ್ಲು ಸರಿಸಿ ಟಾರ್ಪಾಲು ಎತ್ತಿದ.

ಅಹಮದ್ ಕೂತ. ಮಣ್ಣಿನ ಮೇಲೆ ಬಾಣ. ಒಂದರ ಬೆನ್ನಿಗೊಂದು, ಮೊನೆ ಮುಂದಕ್ಕೆ ಮಾಡಿಕೊಂಡು ಸಾಲಾಗಿ ಹೋಗಿದ್ದವು. ಅವನದೇ ಕೈ. ಪ್ರತಿ ಬಾಣದ ಎಡ ರೆಕ್ಕೆ ಬಲದ್ದಕ್ಕಿಂತ ಒಂದು ಕೂದಲು ಗಿಡ್ಡ, ಅವನ ಕೈಯ ದೋಷ ಅದು.

ಬಾಣ ಅಂದರೆ ಧರ್ಮೇಶ. ಡೈಮಂಡಲ್ಲ.

ಅವನೊಳಗೆ ಏನೋ ಒಡೆದು ನೀರಾಗಿ ಹರಿಯಿತು. ಅಲ್ಲಾಹ್, ಅಲ್ಲಾಹ್ ಅಂತ ಮನಸ್ಸು ಕುಣಿಯಿತು. ನನ್ನ ಶಿಫಾಳ ಮನೆ ಉಳಿಯಿತು, ಹುಡುಗ ಮೇಲೆಲ್ಲೋ ಬೆಚ್ಚಗೆ ಕಂಬಳಿ ಹೊದ್ದು ಮಲಗಿದ್ದಾನೆ ಎಂದು ಎದೆ ತುಂಬಿ ಬಂತು. ಅದು ಸಂತೋಷ, ಅದಕ್ಕೆ ಬೇರೆ ಹೆಸರಿಲ್ಲ. ಸಾವಿನ ಮುಂದೆ ಕೂತು ಬಂದ ಸಂತೋಷ. ಎರಡು ಉಸಿರಿನಷ್ಟು ಹೊತ್ತು ಅವನು ಅದನ್ನು ಪೂರ್ತಿಯಾಗಿ ಅನುಭವಿಸಿದ. ಆಮೇಲೆ ಕೃಷ್ಣಪ್ಪನ ಕಾಲು ಕಣ್ಣಿಗೆ ಬಿತ್ತು. ಹವಾಯಿ ಚಪ್ಪಲಿಯಲ್ಲಿ, ಕೆಸರು ಮೆತ್ತಿದ ಬೆರಳುಗಳು.

"ಸರಿಯಾಗಿ ಕಾಣ್ತಾ ಇಲ್ಲ ಕಣೋ," ಅಂದ ತಲೆ ಎತ್ತದೆ. "ಮಳೆ ಬಿದ್ದು ಕಲಸಿಹೋಗಿದೆ."

"ಅಹಮದ್."

"ಇರು, ಇನ್ನೊಂದ್ಸಲ ನೋಡ್ತೇನೆ."

"ನಿನ್ನ ಮುಖ ನೋಡ್ದೆ ನಾನು," ಅಂದ ಕೃಷ್ಣಪ್ಪ. "ಇಷ್ಟು ವರ್ಷದಿಂದ ನೋಡ್ತಾ ಇದ್ದೇನೆ. ಫಾರಿಸ್ ಅಲ್ಲ ಅಲ್ವಾ?"

ಅಹಮದನಿಗೆ ಭೂಮಿ ಬಾಯಿ ಬಿಟ್ಟು ತನ್ನನ್ನು ನುಂಗಿದರೆ ಸಾಕಿತ್ತು ಅನ್ನಿಸಿತು. ನೋಡುತ್ತ ನೋಡುತ್ತ ಕೃಷ್ಣಪ್ಪನ ದವಡೆ ಅಲುಗಾಡತೊಡಗಿತು. ಪ್ರಶಾಂತ್ ಬಂದು ಅವನ ರಟ್ಟೆ ಹಿಡಿದುಕೊಂಡ. ಅದೇ ಹೊತ್ತಿಗೆ ಅಹಮದನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಮೇಲೆ ಸಿಗದ ಸಿಗ್ನಲ್ಲು ಈ ತಿರುವಿನಲ್ಲಿ ಒಂದೊಂದು ಸಲ ಸಿಗುತ್ತಿತ್ತು.

"ಬಾಪಾ, ನೋಡಿದ್ರಾ?" ಶಿಫಾಳ ಗಂಟಲು ಪೂರ್ತಿ ಒಡೆದಿತ್ತು. "ಎಂತ ಇದೆ? ಬಾಪಾ, ಮಾತಾಡಿ. ನಮ್ದಲ್ಲ ಅಲ್ವಾ? ನಮ್ದಲ್ಲ ಅಂತ ಹೇಳಿ ಬಾಪಾ."

"ಇನ್ನೂ ನೋಡಿಲ್ಲ ಮಗಾ. ನಾನೇ ಫೋನ್ ಮಾಡ್ತೇನೆ," ಎಂದು ಕಟ್ ಮಾಡಿದ.

ಕೃಷ್ಣಪ್ಪನ ಮುಖ ನೋಡುವ ಧೈರ್ಯ ಇಲ್ಲದ್ದಕ್ಕೆ ಅವನು ಎದ್ದು ಅಂಚಿನ ಕಡೆ ಹೋದ. ರಸ್ತೆಯ ನಡುವೆ ದೊಡ್ಡ ಕೊಂಬೆಯೊಂದು ಬಿದ್ದಿತ್ತು. ಜೀಪು ಅದನ್ನು ತಪ್ಪಿಸಲು ಹೊರಕ್ಕೆ ಹೊರಳಿದೆ. ಹಾಗೆ ಹೊರಳುವಾಗ ಹಿಂದಿನ ಚಕ್ರ ಒಳಗಿನಿಂದ ಹೋಗುತ್ತದೆ, ಮುಂದಿನದು ಹೊರಗಿನಿಂದ. ಟಾರ್ಪಾಲಿನ ಕೆಳಗಿದ್ದದ್ದು ಹಿಂದಿನ ಚಕ್ರದ್ದು. ಹೊರಗಿನ ಅಚ್ಚು ಜರಿಗಿಡದ ಮರೆಯಲ್ಲಿ, ಅಂಚಿಗೆ ಒಂದು ಗೇಣು ಈಚೆಗೆ ಇರಬೇಕು. ಯಾಕೆ ಹುಡುಕುತ್ತಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ. ಜರಿಗಿಡ ಸರಿಸಿದ.

ಡೈಮಂಡು.

ಮಳೆ ತಾಗದೆ, ಈಗಷ್ಟೇ ಒತ್ತಿದ ಹಾಗೆ ಅಚ್ಚುಕಟ್ಟಾಗಿತ್ತು. ಜಾರಿದ ಗುರುತಿಲ್ಲ, ಎಳೆದ ಗುರುತಿಲ್ಲ. ಚಕ್ರ ನೆಟ್ಟಗೆ ಉರುಳುತ್ತ ಬಂದಿದೆ, ಅದರ ಕೆಳಗಿನ ನೆಲವೇ ಹೋಗಿದೆ.

ಎರಡೂ ಜೀಪು ಬಿದ್ದವೇ? ಒಂದು ಕ್ಷಣ ಹಾಗೂ ಅನ್ನಿಸಿತು. ಆದರೆ ಎರಡು ಅಚ್ಚೂ ಒಂದೇ ಜಾಗದಲ್ಲಿ ಬೇರೆಯಾಗಿ, ಒಂದೇ ಬಳುಕಿನಲ್ಲಿ ಹೊರಳಿದ್ದವು. ಇದು ಒಂದೇ ಜೀಪು. ಮುಂದೆ ಡೈಮಂಡು, ಹಿಂದೆ ಬಾಣ. ಅಂಥ ಜೀಪಿಗೆ ಅಹಮದ್ ಟೈರು ಕೊರೆದಿರಲಿಲ್ಲ. ಆಗ ಅವನಿಗೆ ಹೋದ ಶುಕ್ರವಾರದ ಊಟ ನೆನಪಾಯಿತು. ಫಾರಿಸ್ ಮೀನಿನ ಮುಳ್ಳು ಬಿಡಿಸುತ್ತಾ ಹೇಳಿದ್ದ: "ಮಾವ, ಪಂದ್ಯದಲ್ಲಿ ಇಬ್ಬರೂ ಸೋತ್ವಿ. ತಿರುವಿಗೆ ನಿಮ್ಮ ಡೈಮಂಡೇ ಸರಿ, ಏರಿಗೆ ಬಾಣವೇ ಸರಿ." ಅಹಮದ್ ತನ್ನ ಕೆಲಸ ಹೊಗಳಿದನೆಂದು ಉಬ್ಬಿ ಇನ್ನೊಂದು ಮೀನು ಬಡಿಸಿದ್ದ. ಮುಂದೇನು ಮಾಡಿದಿರಿ ಎಂದು ಕೇಳಿರಲಿಲ್ಲ. ಮಾಡುವುದೇನು, ಗುಡ್ಡದ ಡ್ರೈವರುಗಳು ಸದಾ ಮಾಡುವುದನ್ನೇ ಮಾಡಿದ್ದಾರೆ. ಒಬ್ಬರ ಸ್ಟೆಪ್ನಿ ಒಬ್ಬರು ಹಾಕಿಕೊಂಡು ಓಡಾಡುವವರು, ದಾರಿ ಬದಿಯಲ್ಲಿ ಜಾಕ್ ಕೊಟ್ಟು ಎರಡೆರಡು ಚಕ್ರ ಬದಲಾಯಿಸಿಕೊಂಡಿದ್ದಾರೆ. ಈಗ ಎರಡು ಜೀಪಿಗೂ ಮುಂದೆ ಡೈಮಂಡು, ಹಿಂದೆ ಬಾಣ.

ಹಾಗಾದರೆ ಇದು ಯಾರದು?

ಅವನು ಕೆಸರಿನಲ್ಲಿ ಅಂಬೆಗಾಲಿಟ್ಟು ಬಾಣಕ್ಕೂ ಡೈಮಂಡಿಗೂ ಓಡಾಡಿದ. ಬೆರಳಿನಿಂದ ಗೀರಿನ ಆಳ ಅಳೆದ. ಒಂದು ಮೂಲೆ ಮುರಿದ ಡೈಮಂಡು, ಒಂದು ಅಂಟಿಕೊಂಡ ಕಲ್ಲು, ಏನಾದರೂ ಒಂದು ಹೆಚ್ಚುಕಮ್ಮಿ ಸಿಗಲಿ ಎಂದು ಮೂಗು ತಾಗುವಷ್ಟು ಬಗ್ಗಿ ನೋಡಿದ. ಎಲ್ಲ ಅವನದೇ ಕೈ, ಎಲ್ಲ ಒಂದೇ ಸಮ. ಇಷ್ಟು ನೀಟಾಗಿ ಯಾಕಾದರೂ ಕೊರೆದೆನೋ ಎಂದು ಹಣೆ ಚಚ್ಚಿಕೊಂಡ.

"ಎಂತ ಆಯ್ತು?" ಎಂದು ಕೃಷ್ಣಪ್ಪ ಬಂದ. ಅಹಮದ್ ಹೇಳಿದ. ಮಾತು ಮುಗಿಯುವ ಮೊದಲೇ ಕೃಷ್ಣಪ್ಪನ ಕಣ್ಣಿನಲ್ಲಿ ಬೆಳಕು ಬಂತು. ಅಹಮದ್ ಅದನ್ನು ನೋಡಿದ. ಅವನು ನೋಡಿದನೆನ್ನುವುದು ಕೃಷ್ಣಪ್ಪನಿಗೂ ಗೊತ್ತಾಯಿತು. ಅವನು ಮುಖ ತಿರುಗಿಸಿಕೊಂಡ.

ಇಬ್ಬರೂ ಬಿದ್ದ ಕೊಂಬೆಯ ಮೇಲೆ ಕೂತರು. ಪ್ರಶಾಂತ್ ಒಬ್ಬನೇ ಅಂಚಿನ ಬಳಿ ನಿಂತು, ಮಂಜು ಸರಿದರೆ ಕಾಣುತ್ತದೇನೋ ಎಂದು ಕೆಳಗೆ ಬಗ್ಗಿ ನೋಡುತ್ತಿದ್ದ. ಮಂಜು ಸರಿಯಲಿಲ್ಲ. ಅವನು ಕೈ ಬಾಯಿಗೆ ಇಟ್ಟು ಕೂಗಿದ. ಮೊದಲು ಒಂದು ಹೆಸರು, ಆಮೇಲೆ ಇನ್ನೊಂದು. ಕೆಳಗಿನಿಂದ ಹಳ್ಳದ ಸದ್ದೇ ಬಂತು.

"ಬೆಳಗ್ಗೆಯಿಂದ ಒಂದೇ ಹರಕೆ ಹೊತ್ತುಕೊಂಡು ಕೂತಿದ್ದೇನೆ," ಅಂದ ಕೃಷ್ಣಪ್ಪ. "ನನ್ನವನು ಆಗಿರ್ಬಾರ್ದು ಅಂತ. ಹಂಗಂದ್ರೆ ಎಂತ ಅರ್ಥ? ನಿನ್ನವನು ಆಗ್ಲಿ ಅಂತ ತಾನೆ."

"ನಾನು ಬೇರೆ ಎಂತ ಬೇಡ್ಕೊಂಡೆ?"

"ನಿನ್ನ ಮಗಳ ಮದುವೆಗೆ ಹಾಲು ಕಾಯಿಸಿದವನು ನಾನು."

"ಗೊತ್ತು ಮಾರಾಯ."

"ಫಾರಿಸ್ ನನ್ನ ಅಂಗಡೀಲಿ ಬನ್ನು ಕದ್ದು ತಿಂತಾ ಬೆಳೆದವನು."

"ಧರ್ಮೇಶ ನನ್ನ ಕತ್ತೀಲಿ ಬೆರಳು ಕುಯ್ಕೊಂಡು, ನಿನಗೆ ಹೇಳ್ಬೇಡಿ ಅಂತ ಅತ್ತಿದ್ದ," ಅಂದ ಅಹಮದ್.

ಏನು ಬೇಡಿಕೊಳ್ಳಬೇಕು ಎಂದು ಇಬ್ಬರಿಗೂ ಈಗ ತಿಳಿಯಲಿಲ್ಲ. ಇಬ್ಬರೂ ಬದುಕಲಿ ಎಂದು ಬೇಡಲು ದಾರಿ ಇರಲಿಲ್ಲ, ನೆಲವೇ ಹೋಗಿ ಕೆಳಗೆ ಬಿದ್ದಿತ್ತು. ಅಹಮದ್ ಕೈ ಚಾಚಿದ. ಕೃಷ್ಣಪ್ಪ ಅದನ್ನು ಹಿಡಿದುಕೊಂಡ. ಒಲೆಯ ಮುಂದೆ ಬೆಂದ ಕೈ ಒಂದು, ರಬ್ಬರಿನಲ್ಲಿ ಬೆಂದ ಕೈ ಒಂದು. ಹೀಗೆ ಕೈ ಹಿಡಿದುಕೊಂಡು ಕೂತಿದ್ದನ್ನು ಸ್ಟ್ಯಾಂಡಿನವರು ಕಂಡಿದ್ದರೆ ವರ್ಷವಿಡೀ ಗೇಲಿ ಮಾಡುತ್ತಿದ್ದರು.

ಮೇಲಿನ ಜೆಸಿಬಿಯ ಸದ್ದು ನಿಂತಿತು.

ಎಷ್ಟೋ ಹೊತ್ತು ಏನೂ ಇಲ್ಲ. ಆಮೇಲೆ ಜೀಪು ಇಳಿಯುವ ಸದ್ದು, ಒಂದೊಂದು ತಿರುವಿನಲ್ಲೂ ಮರೆಯಾಗಿ ಮತ್ತೆ ಕೇಳುತ್ತಾ ಹತ್ತಿರ ಬಂತು. ಕೃಷ್ಣಪ್ಪನ ಹಿಡಿತ ಬಿಗಿಯಾಯಿತು. ಇಂಜಿನ್ನಿನ ಸದ್ದು ಕೇಳಿ ಯಾರ ಜೀಪೆಂದು ಹೇಳಬಲ್ಲವರು ಇಬ್ಬರೂ. ಇಬ್ಬರೂ ಕಿವಿಗೊಡಲು ಹೆದರಿದರು. ಅಹಮದ್ ಕಣ್ಣು ಮುಚ್ಚಿಕೊಂಡ. ಮಂಜಿನಿಂದ ಎರಡು ಹಳದಿ ದೀಪ ಹೊರಬಂದವು ಎಂದು ಗೊತ್ತಾದದ್ದು ಪ್ರಶಾಂತ್ ಕೈಯೆತ್ತಿ "ನಿಲ್ಸಿ, ನಿಲ್ಸಿ" ಎಂದಾಗ. ಬ್ರೇಕು ಕಿರ್ರೆಂದಿತು. ಬಾಗಿಲು ತೆರೆದುಕೊಂಡಿತು.

"ಧರ್ಮೇಶ ಮನೆಗೆ ಬಂದ್ನಾ?"

ಫಾರಿಸನ ದನಿ.

"ನನಗಿಂತ ಮೊದಲೇ ಹೊರಟಿದ್ದ. ಊಟ ಮಾಡ್ಕೊಂಡು ಹೋಗೋಣ ಅಂದ್ರೂ ಕೇಳ್ಲಿಲ್ಲ. ಅಪ್ಪ ಹೋಟ್ಲು ಬಾಗಿಲು ಹಾಕ್ದೆ ಕಾಯ್ತಿರ್ತಾರೆ ಅಂತ..." ಅಷ್ಟರಲ್ಲಿ ಅವನಿಗೆ ಕಿತ್ತುಹೋದ ಅಂಚು ಕಂಡಿತು.

ಅಹಮದ್ ಕಣ್ಣು ಬಿಟ್ಟ. ಮೈಯೆಲ್ಲ ಕೆಸರು ಮಾಡಿಕೊಂಡು, ನಿದ್ದೆಗೆಟ್ಟು, ಜೀವಂತ ನಿಂತಿದ್ದ ಹುಡುಗ. ಓಡಿಹೋಗಿ ತಬ್ಬಿಕೊಳ್ಳಬೇಕು, ಕೆನ್ನೆ ಸವರಬೇಕು, ತಲೆಯಿಂದ ಕಾಲಿನವರೆಗೆ ಮುಟ್ಟಿ ನೋಡಬೇಕು ಎಂದು ಕೈಕಾಲು ಹಾತೊರೆಯುತ್ತಿತ್ತು. ಅವನು ಕೂತಲ್ಲಿಂದ ಏಳಲಿಲ್ಲ. ಕೃಷ್ಣಪ್ಪನೇ ಅವನ ಕೈಯನ್ನು ಮೆಲ್ಲಗೆ ಬಿಡಿಸಿ ಎದ್ದ.

ಕೃಷ್ಣಪ್ಪ ಕಣಿವೆಯ ಕಡೆ ಹೋಗಲಿಲ್ಲ. ನೇರ ಜೀಪಿನ ಬಳಿ ಹೋದ. ಫಾರಿಸನ ಭುಜ ಒಮ್ಮೆ ಮುಟ್ಟಿ, ಅವನನ್ನು ದಾಟಿ, ಮುಂದಿನ ಚಕ್ರ ನೋಡಿದ. ನಡೆದು ಹಿಂದಿನದಕ್ಕೆ ಬಂದ.

"ಬದ್ಲಾಯಿಸ್ಕೊಂಡ್ರಂತೆ ನೀವು."

"ಹೌದು ಕೃಷ್ಣಪ್ಪಣ್ಣ." ಫಾರಿಸ್ ಅಳುತ್ತಿದ್ದ.

"ಹಿಂದಿನ ಎರಡೂ ಅವನ್ದು?"

"ಎರಡೂ ಧರ್ಮೇಶಂದೇ."

ಕೃಷ್ಣಪ್ಪ ಒದ್ದೆ ರಸ್ತೆಯ ಮೇಲೆ, ಚಕ್ರಕ್ಕೆ ಎದುರಾಗಿ ಚಕ್ಕಮಕ್ಕಳ ಹಾಕಿ ಕೂತ. ಬಾಣಗಳ ಗೀರಿನಲ್ಲಿ ಕೆಂಪು ಕೆಸರು ಗಟ್ಟಿಯಾಗಿ ತುಂಬಿಕೊಂಡಿತ್ತು. ಹೆಬ್ಬೆರಳು ಒತ್ತಿ ಮೊದಲನೆಯದರ ಕೆಸರು ತೆಗೆದ. ತೆಗೆದದ್ದನ್ನು ಪಕ್ಕಕ್ಕೆ ಹಾಕಿ, ಗೀರನ್ನು ತಲೆಯ ಟವೆಲಿನ ತುದಿಯಿಂದ ಒರೆಸಿದ. ಆಮೇಲೆ ಎರಡನೆಯದು.

ಅಹಮದನ ಜೇಬಿನಲ್ಲಿ ಫೋನು ಮತ್ತೆ ಹೊಡೆದುಕೊಂಡಿತು. ಶಿಫಾ. ಅವನು ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ನೋಡುತ್ತಾ ಕೂತ. ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಮತ್ತೆ ಶುರುವಾಯಿತು.

"ಎತ್ತು ಮಾರಾಯ," ಅಂದ ಕೃಷ್ಣಪ್ಪ ತಿರುಗಿ ನೋಡದೆ. "ಹುಡುಗಿ ಕಾಯ್ತಾ ಇದೆ. ಹೇಳು."

ಅಹಮದ್ ಫೋನು ಕಿವಿಗಿಟ್ಟುಕೊಂಡ. "ಬಾಪಾ? ಬಾಪಾ?" ಎಂದು ಅವಳು ಕೇಳುತ್ತಲೇ ಇದ್ದಳು. "ಹ್ಞೂಂ," ಅಂದ ಅವನು, ಆದಷ್ಟು ಸಣ್ಣ ದನಿಯಲ್ಲಿ. ಕೃಷ್ಣಪ್ಪ ಮೂರನೆಯ ಬಾಣಕ್ಕೆ ಬಂದಿದ್ದ.